ಚಾರ್ಟ್ ನೋಡಿ ಕಮಾಡಿಟಿ ವಾಯಿದೆ ಮಾಡುವವರಿಗೆ: ಮೊದಲು ಹೊರಗೆ ಬರುವ ಬಾಗಿಲು ಹುಡುಕಿ

ಮಾಟುಂಗದಲ್ಲಿ ನನ್ನ ಭಾವನ ಹೋಟೆಲಿದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗಲ್ಲಾದಲ್ಲಿ ಕೂತು ಮೊಬೈಲಿನಲ್ಲಿ ಚಿನ್ನದ ದರ ನೋಡುತ್ತಿರುತ್ತಾರೆ. ನಾನು ಹೋದರೆ ಕಾಫಿಗಿಂತ ಮೊದಲು ಪ್ರಶ್ನೆ ಬರುತ್ತದೆ. "ನೀನು ಚಾರ್ಟ್ ನೋಡ್ತೀಯಲ್ಲ ಮಾರಾಯ, ಚಿನ್ನ ಇನ್ನೂ ಏರ್ತದಾ?"

ಹನ್ನೊಂದು ವರ್ಷದಿಂದ ಚಾರ್ಟ್ ನೋಡುತ್ತಿದ್ದೇನೆ. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಚಾರ್ಟಿನ ಹತ್ತಿರವೂ ಇಲ್ಲ. ಚಾರ್ಟ್ ಹೇಳುವುದು ಬೇರೆಯೇ ಮಾತು. "ಏರುತ್ತದೆ ಅಂದುಕೊಂಡೆಯಲ್ಲ, ದರ ಇಲ್ಲಿಗೆ ಇಳಿದರೆ ನೀನು ಅಂದುಕೊಂಡಿದ್ದು ತಪ್ಪು" ಅಂತ ಅದು ಒಂದು ಜಾಗ ತೋರಿಸುತ್ತದೆ. ಆ ಜಾಗ ಗೊತ್ತಾದರೆ ಎಷ್ಟು ಲಾಟ್ (ಒಂದು ಸಲಕ್ಕೆ ಕೊಳ್ಳುವ, ಮಾರುವ ಕಟ್ಟು) ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕಾ, ರಾತ್ರಿ ನಿದ್ದೆ ಬರುತ್ತದಾ ಅನ್ನುವುದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಆ ಜಾಗ ಹುಡುಕುವುದು ಹೇಗೆ ಅಂತ ಭಾವನಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಕಮಾಡಿಟಿ ಅಂದರೆ ಚಿನ್ನ, ತೈಲದಂಥ ಸರಕು. ವಾಯಿದೆ ಅಂದರೆ ಇವತ್ತೇ ದರ ಒಪ್ಪಿಕೊಂಡು ಮುಂದಿನ ಒಂದು ತಾರೀಖಿಗೆ ಕೊಳ್ಳುವ, ಮಾರುವ ಒಪ್ಪಂದ, ಇಂಗ್ಲಿಷಿನಲ್ಲಿ ಫ್ಯೂಚರ್ಸ್. ಅದಕ್ಕೆ ಪೂರ್ತಿ ದುಡ್ಡು ಬೇಡ, ಒಂದು ಪಾಲು ಮುಂಗಡ ಇಟ್ಟರೆ ಸಾಕು, ಅದೇ ಮಾರ್ಜಿನ್.

ಒಂದು ಅಂಕಿ ಮೊದಲೇ ಹೇಳಿಬಿಡುತ್ತೇನೆ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2021-22ರಿಂದ 2023-24ರವರೆಗೆ ವ್ಯವಹಾರ ಮಾಡಿದ ಬಿಡಿ ಜನರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು ಅಂತ ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ಷೇರಿನ ಲೆಕ್ಕ, ಕಮಾಡಿಟಿಯದ್ದಲ್ಲ. ಆದರೆ ಇಲ್ಲಿ ಜನ ಬೇರೆ ಥರ ಇರುತ್ತಾರೆ ಅಂತ ನನಗಂತೂ ಅನಿಸಿಲ್ಲ. ಮನೆ ಸಾಲದ ಕಂತು, ಮಕ್ಕಳ ಫೀಸು, ಊರಿಗೆ ಕಳಿಸುವ ದುಡ್ಡು ಇಲ್ಲಿಗೆ ತರಬೇಡಿ.

ಒಂದು ರೂಪಾಯಿ ಅಂದರೆ ಎಷ್ಟು ರೂಪಾಯಿ?

ಚಾರ್ಟ್ ತೆರೆಯುವುದಕ್ಕೆ ಮೊದಲು ಲಾಟ್ ಗೊತ್ತಿರಬೇಕು. ಚಿನ್ನದ ದೊಡ್ಡ ಲಾಟ್ ಒಂದು ಕಿಲೋ. ಆದರೆ ಪರದೆಯಲ್ಲಿ ತೋರಿಸುವ ದರ 10 ಗ್ರಾಂನದ್ದು. ಹಾಗಾಗಿ ಅಲ್ಲಿ ₹1 ಅಲ್ಲಾಡಿದರೆ ನಿಮ್ಮ ಲೆಕ್ಕದಲ್ಲಿ ₹100 ಅಲ್ಲಾಡುತ್ತದೆ. ₹500 ಇಳಿಯಿತು ಅಂದರೆ ₹50,000 ಹೋಯಿತು. ಚಿನ್ನದ ಮಿನಿ 100 ಗ್ರಾಂ, ಅಲ್ಲಿ ₹1ಕ್ಕೆ ₹10. ಇನ್ನೂ ಚಿಕ್ಕದು ಬೇಕೆಂದರೆ 10 ಗ್ರಾಂನ ಗೋಲ್ಡ್ ಟೆನ್, 8 ಗ್ರಾಂನ ಗಿನಿ, 1 ಗ್ರಾಂನ ಪೆಟಲ್ ಇವೆ. ಬೆಳ್ಳಿ 30 ಕಿಲೋ, ಮಿನಿ 5 ಕಿಲೋ, ಮೈಕ್ರೋ 1 ಕಿಲೋ. ದರ ಕಿಲೋಗೆ, ಆದ್ದರಿಂದ ದೊಡ್ಡ ಲಾಟಿನಲ್ಲಿ ₹1ಕ್ಕೆ ₹30. ಕ್ರೂಡ್ ಅಂದರೆ ಕಚ್ಚಾ ತೈಲ 100 ಬ್ಯಾರೆಲ್, ಮಿನಿ 10 ಬ್ಯಾರೆಲ್. ನ್ಯಾಚುರಲ್ ಗ್ಯಾಸ್‌ನಲ್ಲಿ ದೊಡ್ಡ ಲಾಟಿಗೆ ₹1 ಅಂದರೆ ₹1,250, ಮಿನಿಗೆ ₹250. ದರ ಚಿಕ್ಕದಾಗಿ ಕಾಣುವುದರಿಂದ ಗ್ಯಾಸ್ ಅಗ್ಗ ಅಂದುಕೊಂಡು ಹೊಸಬರು ಅಲ್ಲೇ ಕಾಲಿಡುತ್ತಾರೆ. ಎಲ್ಲಕ್ಕಿಂತ ಹುಚ್ಚು ಕುದುರೆ ಅದೇ.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮೊಬೈಲ್ ಕವರಿನೊಳಗೆ ಇಟ್ಟುಕೊಳ್ಳಿ. ನಾನು ಮೊದಲ ವರ್ಷ ಹಾಗೇ ಮಾಡಿದ್ದೆ. ಲಾಟಿನ ಅಳತೆ, ಮಾರ್ಜಿನ್ ಆಗಾಗ ಬದಲಾಗಬಹುದು. ದುಡ್ಡು ಹಾಕುವ ದಿನ ಎಕ್ಸ್‌ಚೇಂಜಿನ ಒಪ್ಪಂದದ ವಿವರ ಒಮ್ಮೆ ಓದಿಕೊಳ್ಳಿ.

ಮುಂಬಯಿಯವರಿಗೆ ವಾಯಿದೆ ಹೊಸದಲ್ಲ. ಹತ್ತಿಯ ವಾಯಿದೆಗೆಂದು 1875ರಲ್ಲೇ ಇಲ್ಲಿ ಬಾಂಬೆ ಕಾಟನ್ ಟ್ರೇಡ್ ಅಸೋಸಿಯೇಷನ್ ಶುರುವಾಗಿತ್ತು. ಹಾರ್ಬರ್ ಲೈನಿನ ಕಾಟನ್ ಗ್ರೀನ್ ಸ್ಟೇಷನ್ನಿನ ಹೆಸರು ಸುಮ್ನೆ ಬಂದಿದ್ದಲ್ಲ. ಈಗ ಲೋಹ ಮತ್ತು ತೈಲದ ವ್ಯವಹಾರ ಹೆಚ್ಚಾಗಿ ನಡೆಯುವುದು ಕಮಾಡಿಟಿ ಎಕ್ಸ್‌ಚೇಂಜ್ ಆದ ಎಂಸಿಎಕ್ಸ್‌ನಲ್ಲಿ. ಅದು 2003ರಲ್ಲಿ ಶುರುವಾಯಿತು, ಕಚೇರಿ ಅಂಧೇರಿ ಪೂರ್ವದಲ್ಲಿ. 2015ರ ಸೆಪ್ಟೆಂಬರ್‌ನಿಂದ ಇದರ ಮೇಲಿನ ಕಣ್ಣು ಸೆಬಿಯದು.

ಹಳೆಯ ಚಟವೂ ಇಲ್ಲಿ ಉಳಿದಿದೆ, ಡಬ್ಬಾ. "ಮಾರ್ಜಿನ್ ಕಮ್ಮಿ, ಟ್ಯಾಕ್ಸ್ ಇಲ್ಲ, ಲೆಕ್ಕ ಶನಿವಾರ ಕ್ಯಾಶ್" ಅಂತ ಕರೆಯುತ್ತಾರೆ. ಅಲ್ಲಿ ನಿಮ್ಮ ಆರ್ಡರ್ ಎಕ್ಸ್‌ಚೇಂಜಿಗೆ ಹೋಗುವುದೇ ಇಲ್ಲ, ಆ ಮನುಷ್ಯನ ಪುಸ್ತಕದಲ್ಲೇ ಇರುತ್ತದೆ. ನೀವು ಗೆದ್ದರೆ ಸೋಲುವವನು ಅವನೇ. ದೊಡ್ಡದಾಗಿ ಗೆದ್ದ ದಿನ ಅವನ ಫೋನ್ ಸ್ವಿಚ್ ಆಫ್. ಇದು ಕಾನೂನಿಗೆ ವಿರುದ್ಧ, ದೂರು ಕೊಡುವುದಕ್ಕೂ ಬಾಯಿ ಇರುವುದಿಲ್ಲ. ವ್ಯವಹಾರ ಮಾಡಿದ ಮೇಲೆ ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕೊಡುವ ವ್ಯವಹಾರದ ರಸೀದಿ) ಇಮೇಲಿಗೆ ಬರಲಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಯಾವ ಚಾರ್ಟ್ ತೆರೆಯಬೇಕು

ಎಂಸಿಎಕ್ಸ್ ಚಿನ್ನದ ಒಂದು ಚಾರ್ಟಿನೊಳಗೆ ಮೂರು ಸಂಗತಿ ಕೂತಿವೆ. ಹೊರದೇಶದ ಡಾಲರ್ ದರ, ಡಾಲರಿಗೆ ಎಷ್ಟು ರೂಪಾಯಿ ಅನ್ನುವುದು, ಮತ್ತೆ ನಮ್ಮ ಆಮದು ಸುಂಕ. ಡಾಲರ್ ದರ ಇಳಿದರೂ ರೂಪಾಯಿ ಬಿದ್ದರೆ ನಮ್ಮ ಚಾರ್ಟ್ ಅಲುಗದೆ ನಿಂತುಬಿಡಬಹುದು. 2024ರ ಜುಲೈ 23ರ ಬಜೆಟ್ ನೆನಪಿದೆಯಾ? ಚಿನ್ನದ ಸುಂಕ ಶೇ 15ರಿಂದ 6ಕ್ಕೆ ಇಳಿಸಿದರು. ಅವತ್ತು ಹೊರದೇಶದ ಪೇಟೆಯಲ್ಲಿ ಅಂಥ ವಿಶೇಷವೇನೂ ಆಗಿರಲಿಲ್ಲ. ಇಲ್ಲಿ 10 ಗ್ರಾಂಗೆ ಸುಮಾರು ₹4,000 ಒಂದೇ ದಿನಕ್ಕೆ ಹೋಯಿತು. ಅವತ್ತಿನ ಉದ್ದ ಕೆಂಪು ಕ್ಯಾಂಡಲ್ (ದರ ತೆರೆದ, ಮುಚ್ಚಿದ, ಏರಿದ, ಇಳಿದ ಜಾಗ ತೋರಿಸುವ ಕಡ್ಡಿ, ಇಳಿದ ದಿನ ಕೆಂಪು) ನೋಡಿ "ಚಿನ್ನದ ಟ್ರೆಂಡ್ ಮುರಿಯಿತು" ಅಂತ ಮಾರಿದವರು ಸುಂಕವನ್ನು ಟ್ರೆಂಡ್ ಅಂದುಕೊಂಡರು. ಡಾಲರ್ ಚಾರ್ಟಿನಲ್ಲಿ ಚಿನ್ನ ಮುಂದಿನ ತಿಂಗಳುಗಳಲ್ಲಿ ಹೊಸ ದಾಖಲೆ ಮಾಡುತ್ತಾ ಹೋಯಿತು. ಅದಕ್ಕೇ ನಾನು ಗೆರೆ ಎಳೆಯುವುದು ಡಾಲರ್ ಚಾರ್ಟಿನಲ್ಲೂ, ರೂಪಾಯಿ ಚಾರ್ಟಿನಲ್ಲೂ. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ ಜಾಸ್ತಿ.

ಎರಡನೆಯದು ತಿಂಗಳ ವಿಷಯ. ವಾಯಿದೆಗೆ ಕೊನೆಯ ದಿನ ಇರುತ್ತದೆ, ಅದೇ ಎಕ್ಸ್‌ಪೈರಿ. ಅದು ಹತ್ತಿರ ಬಂದ ಹಾಗೆ ಜನ ಮುಂದಿನ ಒಪ್ಪಂದಕ್ಕೆ ಸರಿಯುತ್ತಾರೆ. ಎಲ್ಲಿ ವ್ಯವಹಾರದ ಪ್ರಮಾಣ ಜಾಸ್ತಿ ಇದೆಯೋ ಆ ಒಪ್ಪಂದದಲ್ಲೇ ಇರಿ. ಹಳೆಯ ಇತಿಹಾಸ ನೋಡುವುದಕ್ಕೆ ಆ್ಯಪ್‌ಗಳಲ್ಲಿ ಎಲ್ಲ ತಿಂಗಳನ್ನೂ ಹೊಲಿದು ಮಾಡಿದ ಕಂಟಿನ್ಯೂಯಸ್ ಚಾರ್ಟ್ ಸಿಗುತ್ತದೆ. ಆ ಹೊಲಿಗೆಯ ಜಾಗದಲ್ಲಿ ದರ ದಿಢೀರ್ ಜಿಗಿದ ಹಾಗೆ ಕಾಣುತ್ತದೆ. ಅದು ಜಿಗಿತವಲ್ಲ, ಎರಡು ತಿಂಗಳ ದರದ ನಡುವಿನ ವ್ಯತ್ಯಾಸ. ಅಲ್ಲಿ ಬ್ರೇಕ್‌ಔಟ್ (ದರ ತಡೆ ಮುರಿದು ಹೊರಟಿದ್ದು) ಕಂಡು ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಮೂರನೆಯದು ಹೊತ್ತು. ಷೇರುಪೇಟೆ ಮೂರೂವರೆಗೆ ಮುಗಿದರೆ ಇಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 11.30ರ ತನಕ, ಅಮೆರಿಕದಲ್ಲಿ ಚಳಿಗಾಲದ ಗಡಿಯಾರ ಇರುವಾಗ 11.55ರ ತನಕ. ಕೆಲಸ ಮುಗಿಸಿ ಡೊಂಬಿವಿಲಿಯ ಮನೆ ಸೇರುವ ನನ್ನಂಥವರಿಗೆ ಅನುಕೂಲ. ಆದರೆ ಒಂದು ತೊಂದರೆ ಇದೆ. ರಾತ್ರಿ ಎಂಟಕ್ಕೆ ನೋಡುವ ದಿನದ ಕ್ಯಾಂಡಲ್ ಅರ್ಧ ಬೆಂದ ಅನ್ನ. ನಿಜವಾದ ಆಟ ಶುರುವಾಗುವುದೇ ಅಮೆರಿಕ ಎದ್ದ ಮೇಲೆ. ನಾನು ದಿನದ ಚಾರ್ಟನ್ನು ಮರುದಿನ ಬೆಳಿಗ್ಗೆ, ಲೋಕಲ್ ಹತ್ತುವ ಮೊದಲು ನೋಡುತ್ತೇನೆ. ಕ್ಯಾಂಡಲ್ ಅಷ್ಟು ಹೊತ್ತಿಗೆ ಪೂರ್ತಿ ಬೆಂದಿರುತ್ತದೆ. ಐದು ನಿಮಿಷದ ಚಾರ್ಟ್ ಕೆಲಸದಲ್ಲಿರುವವರಿಗೆ ಬೇಡವೇ ಬೇಡ. ದಿನದ್ದು, ಬೇಕಾದರೆ ಒಂದು ಗಂಟೆಯದ್ದು, ಅಷ್ಟು ಸಾಕು.

ಗೆರೆ ಎಳೆಯುವುದು

ದಿನದ ಚಾರ್ಟಿನಲ್ಲಿ ಆರು ತಿಂಗಳು ಕಾಣುವ ಹಾಗೆ ಇಟ್ಟುಕೊಳ್ಳಿ. ದರದಿಂದ ಲೆಕ್ಕ ಹಾಕಿ ಚಾರ್ಟಿಗೆ ಸೇರಿಸುವ ಇಂಡಿಕೇಟರ್ ಎಲ್ಲ ತೆಗೆದುಹಾಕಿ. ಬರೀ ಕ್ಯಾಂಡಲ್ ಇರಲಿ. ಕ್ಯಾಂಡಲ್ ಚಾರ್ಟ್ ಬಂದಿದ್ದು ಜಪಾನಿನಿಂದ. ಒಸಾಕಾದ ದೋಜಿಮಾದಲ್ಲಿ ಅಕ್ಕಿಯ ವಾಯಿದೆಗೆ 1730ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಅಂದರೆ ದರದ ಜಾಡು ಹಿಡಿಯುವುದು ನಮ್ಮ ಥರದ ಸರಕಿನವರಿಗೆ ಹಳೆಯ ಕೆಲಸ.

ದರ ಎಲ್ಲಿ ಇಳಿದು ಮತ್ತೆ ಮತ್ತೆ ಎದ್ದಿದೆ ನೋಡಿ. ಅದು ಸಪೋರ್ಟ್, ಆಸರೆ. ಎಲ್ಲಿ ಏರಿ ಏರಿ ಹಿಂದೆ ಬಂದಿದೆ? ಅದು ರೆಸಿಸ್ಟೆನ್ಸ್, ತಡೆ. ಒಂದು ಸಲ ತಿರುಗಿದ್ದರೆ ಅದು ಬರೀ ಘಟನೆ. ಎರಡು ಸಲ ಅಂದರೆ ಅನುಮಾನ. ಮೂರು ಸಲ ತಿರುಗಿದ್ದರೆ ನಾನು ನಂಬುತ್ತೇನೆ. ಸೂಜಿಯ ಮೊನೆಯ ಹಾಗೆ ಒಂದೇ ದರಕ್ಕೆ ಗೆರೆ ಎಳೆಯಬೇಡಿ. ಅದು ಗೆರೆಗಿಂತ ಪಟ್ಟಿಯ ಹಾಗೆ ಇರುತ್ತದೆ. ಕ್ರೂಡ್‌ನಲ್ಲಿ ₹30–40 ಅಗಲದ ಪಟ್ಟಿ ಸಾಮಾನ್ಯ. ಇಡೀ ಚಾರ್ಟಿನಲ್ಲಿ ಮೂರೋ ನಾಲ್ಕೋ ಪಟ್ಟಿ ಇದ್ದರೆ ಸಾಕು. ಹದಿನೈದು ಎಳೆದರೆ ದರ ಎಲ್ಲಿ ನಿಂತರೂ ಯಾವುದೋ ಒಂದರ ಮೇಲೆ ನಿಂತಿರುತ್ತದೆ!

ಆಮೇಲೆ ಒಂದೇ ಒಂದು ಮೂವಿಂಗ್ ಆವರೇಜ್ ಹಾಕಿ, 50 ದಿನದ್ದು, ಅಂದರೆ ಕಳೆದ 50 ದಿನ ಮುಚ್ಚಿದ ದರಗಳ ಸರಾಸರಿಯ ಗೆರೆ. ಅದು ಮೇಲಕ್ಕೆ ಬಾಗಿದ್ದು ದರ ಅದರ ಮೇಲಿದ್ದರೆ ಕೊಳ್ಳುವ ಅವಕಾಶ ಮಾತ್ರ ಹುಡುಕಿ. ಕೆಳಕ್ಕೆ ಬಾಗಿದ್ದು ದರ ಅದರ ಕೆಳಗಿದ್ದರೆ ಮಾರುವುದು ಮಾತ್ರ. ವಾಯಿದೆಯಲ್ಲಿ ಕೈಯಲ್ಲಿ ಸರಕಿಲ್ಲದೆಯೂ ಮೊದಲು ಮಾರಿ ಆಮೇಲೆ ವಾಪಸ್ ಕೊಳ್ಳಬಹುದು. ಅಡ್ಡಡ್ಡ ಮಲಗಿದ್ದರೆ ಆ ಆವರೇಜಿನಿಂದ ಏನೂ ಪ್ರಯೋಜನ ಇಲ್ಲ, ಪಟ್ಟಿಗಳನ್ನೇ ನಂಬಬೇಕು.

ಹ್ಯಾಮರ್, ಡೋಜಿ, ಎನ್‌ಗಲ್ಫಿಂಗ್ ಅಂತ ಕ್ಯಾಂಡಲ್‌ಗಳಿಗೆ ಹತ್ತಾರು ಹೆಸರಿವೆ. ಅವನ್ನೆಲ್ಲ ಬಾಯಿಪಾಠ ಮಾಡಬೇಡಿ. ಪಟ್ಟಿಯ ಹತ್ತಿರ ಕೆಳಗೆ ಉದ್ದ ಬಾಲ ಬಿಟ್ಟು ಮೇಲೆ ಮುಚ್ಚಿದ ಕ್ಯಾಂಡಲ್‌ಗೆ ಅರ್ಥ ಇದೆ. ನಡುದಾರಿಯಲ್ಲಿ ಅದೇ ಕ್ಯಾಂಡಲ್ ಬಂದರೆ ಅದು ಸುಮ್ನೆ ಒಂದು ಚಿತ್ರ. ಆರ್‌ಎಸ್‌ಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ದರ ಎಷ್ಟು ಜೋರಾಗಿ ಏರಿದೆ, ಇಳಿದಿದೆ ಅಂತ 0ಯಿಂದ 100ರೊಳಗೆ ಹೇಳುವ ಇಂಡಿಕೇಟರ್ ಅದು. 70 ದಾಟಿದರೆ ಮಾರು, 30ಕ್ಕಿಂತ ಇಳಿದರೆ ಕೊಳ್ಳು ಅನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ಚಿನ್ನಕ್ಕೆ ಓಟ ಹಿಡಿದರೆ ಆರ್‌ಎಸ್‌ಐ ವಾರಗಟ್ಟಲೆ 70ರ ಮೇಲೇ ಕೂತಿರುತ್ತದೆ. ಆ ಸೂತ್ರ ನಂಬಿ ಮಾರಿದವರು ಅಷ್ಟೂ ವಾರ ನಷ್ಟ ಕಟ್ಟುತ್ತಾರೆ.

ವಾಯಿದೆಯಲ್ಲಿ ಇನ್ನೊಂದು ಅಂಕಿ ಸಿಗುತ್ತದೆ, ಓಪನ್ ಇಂಟರೆಸ್ಟ್. ಇನ್ನೂ ಮುಗಿಸದೆ ಉಳಿದ ಒಪ್ಪಂದ ಎಷ್ಟು ಅನ್ನುವ ಲೆಕ್ಕ ಅದು. ದರ ಏರುತ್ತಾ ಇದೂ ಏರಿದರೆ ಹೊಸ ದುಡ್ಡು ಒಳಗೆ ಬರುತ್ತಿದೆ ಅಂತ. ದರ ಏರಿ ಇದು ಇಳಿಯುತ್ತಿದ್ದರೆ ಮೊದಲು ಮಾರಿದ್ದವರು ಹೆದರಿ ವಾಪಸ್ ಕೊಳ್ಳುತ್ತಿದ್ದಾರೆ, ಆ ಏರಿಕೆಗೆ ಉಸಿರು ಕಮ್ಮಿ. ಎಕ್ಸ್‌ಪೈರಿಯ ವಾರದಲ್ಲಿ ಈ ಅಂಕಿ ತಾನಾಗಿಯೇ ಇಳಿಯುತ್ತದೆ. ಆಗ ಅದಕ್ಕೆ ಅರ್ಥ ಹಚ್ಚಬೇಡಿ.

ತಪ್ಪು ಅಂತ ಒಪ್ಪಿಕೊಳ್ಳುವ ಜಾಗ

ಇಡೀ ಲೇಖನದಲ್ಲಿ ಇದೊಂದನ್ನು ನಿಧಾನವಾಗಿ ಓದಿ.

ಹೊಸಬರು ಸ್ಟಾಪ್‌ಲಾಸ್ (ದರ ಇಲ್ಲಿಗೆ ಬಂದರೆ ನಷ್ಟ ಒಪ್ಪಿ ಹೊರಗೆ ಬರುತ್ತೇನೆ ಅನ್ನುವ ಜಾಗ) ಇಡುವುದು ಜೇಬು ನೋಡಿ. "ನನಗೆ ₹2,000 ಹೋದರೆ ಪರವಾಗಿಲ್ಲ, ಕ್ರೂಡ್ ದೊಡ್ಡ ಲಾಟು, ಹಾಗಾದರೆ ₹20 ದೂರದಲ್ಲಿ ಸ್ಟಾಪ್." ಕ್ರೂಡ್ ಬೆಳಿಗ್ಗೆ ಆಕಳಿಸಿದರೂ ₹20 ಅಲ್ಲಾಡುತ್ತದೆ. ಅರ್ಧ ಗಂಟೆಯಲ್ಲಿ ಸ್ಟಾಪ್ ಹೊಡೆದು, ಆಮೇಲೆ ದರ ನೀವು ಅಂದುಕೊಂಡ ಕಡೆಗೇ ಹೋಗುತ್ತದೆ. "ನನ್ನ ಸ್ಟಾಪ್ ನೋಡಿಕೊಂಡೇ ಹೊಡೆಯುತ್ತಾರೆ" ಅಂತ ಎಲ್ಲರೂ ಹೇಳುವುದು ಇದಕ್ಕೇ. ಯಾರೂ ನೋಡುತ್ತಿಲ್ಲ. ಸ್ಟಾಪ್ ಇಟ್ಟ ಜಾಗವೇ ಸರಿ ಇಲ್ಲ.

ದರ ದಿನಕ್ಕೆ ಸಾಮಾನ್ಯವಾಗಿ ಎಷ್ಟು ಅಲ್ಲಾಡುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, ಎಟಿಆರ್. ಅಮೆರಿಕದ ವೆಲ್ಸ್ ವೈಲ್ಡರ್ 1978ರಲ್ಲಿ ಆರ್‌ಎಸ್‌ಐ ಜೊತೆಗೇ ಇದನ್ನೂ ಕೊಟ್ಟವರು. ಜನ ಆರ್‌ಎಸ್‌ಐ ಹಿಡಿದುಕೊಂಡರು, ಇದನ್ನು ಬಿಟ್ಟರು. ನನ್ನನ್ನು ಕೇಳಿದರೆ ಉಲ್ಟಾ ಆಗಬೇಕಿತ್ತು. ದಿನದ ಗರಿಷ್ಠ ಮತ್ತು ಕನಿಷ್ಠ ದರದ ಅಂತರ, ನಿನ್ನೆ ಮುಚ್ಚಿದ ದರದಿಂದ ಇವತ್ತು ಜಿಗಿದಿದ್ದರೆ ಆ ಜಿಗಿತವನ್ನೂ ಸೇರಿಸಿ, 14 ದಿನದ ಸರಾಸರಿ. ಆ್ಯಪ್‌ನಲ್ಲಿ ಒಂದು ಸಲ ಒತ್ತಿದರೆ ಚಾರ್ಟಿನ ಕೆಳಗೆ ಬರುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನು ಕಟ್ಟಿದ್ದು, ಇವತ್ತಿನ ದರ ಅಲ್ಲ. ಎರಡು ತಿಂಗಳಿಂದ ಕ್ರೂಡ್ ₹5,880–5,920ರ ಪಟ್ಟಿಯಿಂದ ಮೂರು ಸಲ ಎದ್ದಿದೆ. ಮೇಲೆ ₹6,400ರ ಹತ್ತಿರ ಎರಡು ಸಲ ತಡೆದು ನಿಂತಿದೆ. 50 ದಿನದ ಆವರೇಜ್ ಅಡ್ಡ ಮಲಗಿದೆ. ನಿನ್ನೆ ದರ ₹5,905ಕ್ಕೆ ಇಳಿದು, ಉದ್ದ ಬಾಲ ಬಿಟ್ಟು ₹5,985ರಲ್ಲಿ ಮುಚ್ಚಿತು. ವ್ಯವಹಾರವೂ ಹಿಂದಿನ ದಿನಗಳಿಗಿಂತ ಜಾಸ್ತಿ. ಇವತ್ತು ಬೆಳಿಗ್ಗೆ ₹5,990ಕ್ಕೆ ಕೊಳ್ಳುವ ಯೋಚನೆ. ಎಟಿಆರ್ ₹130.

ಯಾವಾಗ ನನ್ನ ಯೋಚನೆ ತಪ್ಪು? ಆಸರೆಯ ಪಟ್ಟಿ ಮುರಿದರೆ. ಪಟ್ಟಿಯ ತಳ ₹5,880. ಆದರೆ ಸರಿಯಾಗಿ ಅಲ್ಲೇ ಸ್ಟಾಪ್ ಇಟ್ಟರೆ ದರ ಸ್ವಲ್ಪ ಇಣುಕಿ ವಾಪಸ್ ಹೋಗುವಾಗ ನಾನು ಹೊರಗೆ ಬಿದ್ದಿರುತ್ತೇನೆ. ಅದಕ್ಕೆ ಅರ್ಧ ಎಟಿಆರ್ ಕೆಳಗೆ ಜಾಗ ಬಿಡುತ್ತೇನೆ. 5,880ರಲ್ಲಿ 65 ಕಳೆದರೆ ₹5,815. ದರ ಅಲ್ಲಿಗೆ ಬಂತು ಅಂದರೆ ಅದು ಇಣುಕಿದ್ದಲ್ಲ, ಪಟ್ಟಿ ಮುರಿದಿದೆ. ₹5,990ರಿಂದ ₹5,815ಕ್ಕೆ ಅಂತರ ₹175.

ಈಗ ಜೇಬು ನೋಡಿ. ಖಾತೆಯಲ್ಲಿ ₹2 ಲಕ್ಷ ಇದೆ. ಒಂದು ವ್ಯವಹಾರದಲ್ಲಿ ಶೇ 1ಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಅಂತ ನಿಯಮ. ಅಂದರೆ ₹2,000. ಕ್ರೂಡ್ ದೊಡ್ಡ ಲಾಟಿನಲ್ಲಿ ₹175 ಅಂದರೆ ₹17,500. ಆಗುವುದಿಲ್ಲ. ಮಿನಿಯಲ್ಲಿ ₹1,750. ಆಗುತ್ತದೆ, ಒಂದೇ ಒಂದು ಲಾಟ್. ಲೆಕ್ಕ ಅಲ್ಲಿಗೆ ಮುಗಿಯಿತು. ಮಾರ್ಜಿನ್ ಇನ್ನೂ ಉಳಿದಿದೆ, ಇನ್ನೊಂದು ಮೂರು ಲಾಟ್ ತೆಗೆದುಕೊಳ್ಳಿ ಅಂತ ಆ್ಯಪ್ ತೋರಿಸುತ್ತದೆ. ತೋರಿಸಲಿ. ಸಾಲ ಸಿಗುತ್ತದೆ ಅಂತ ಯಾರೂ ಎರಡು ಮದುವೆ ಊಟ ಹಾಕಿಸುವುದಿಲ್ಲ.

ಕೊನೆಗೆ ಮೇಲಿನ ಗೆರೆ. ತಡೆ ಇರುವುದು ₹6,400ಕ್ಕೆ, ಅಲ್ಲಿಗೆ ₹410 ದೂರ. ₹175 ಕೊಟ್ಟು ₹410 ಕೇಳುತ್ತಿದ್ದೇನೆ, ಎರಡು ಪಾಲಿಗಿಂತ ಜಾಸ್ತಿ. ಸರಿ. ಅದೇ ತಡೆ ₹6,150ರಲ್ಲೇ ಇದ್ದಿದ್ದರೆ ₹160 ಸಿಗುವುದಕ್ಕೆ ₹175 ಪಣ. ಚಾರ್ಟ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡುತ್ತೇನೆ. ನಾನು ನೋಡುವ ಹತ್ತು ಚಾರ್ಟಿನಲ್ಲಿ ಏಳೆಂಟು ಈ ಲೆಕ್ಕದಲ್ಲೇ ಬಿದ್ದುಹೋಗುತ್ತವೆ.

ಭಾವನ ಚಿನ್ನಕ್ಕೂ ಇದೇ ಲೆಕ್ಕ. ಅವರು ಕೇಳಿದ ದಿನ ಸ್ಟಾಪ್ ಇಡಬಹುದಾದ ಜಾಗ 10 ಗ್ರಾಂಗೆ ₹1,500 ಕೆಳಗಿತ್ತು. ಮಿನಿಯಲ್ಲಿ ಅದು ₹15,000. ದೊಡ್ಡ ಲಾಟಿನಲ್ಲಿ ಒಂದೂವರೆ ಲಕ್ಷ. ಗೋಲ್ಡ್ ಟೆನ್‌ನಲ್ಲಿ ₹1,500, ಪೆಟಲ್‌ನಲ್ಲಿ ₹150. "ಪೆಟಲಾ? ಅದು ಮಕ್ಕಳಾಟ ಅಲ್ವಾ?" ಅಂದರು. ಅವರ ಖಾತೆಯಲ್ಲಿ ಇದ್ದಿದ್ದು ₹80,000. ಅದರ ಶೇ 1 ಅಂದರೆ ₹800. ಐದು ಪೆಟಲ್. ಮಕ್ಕಳಾಟವೇ ಸರಿ.

ಸ್ಟಾಪ್ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ

2018ರ ಬೇಸಿಗೆ. ನನ್ನ ಹತ್ತಿರ ಕ್ರೂಡ್ ಒಂದು ದೊಡ್ಡ ಲಾಟ್ ಇತ್ತು. ₹40 ಇಳಿದರೆ ಹೊರಗೆ ಬರುತ್ತೇನೆ ಅಂತ ಮನಸ್ಸಿನಲ್ಲೇ ತೀರ್ಮಾನ. ಬುಧವಾರ ಸಂಜೆ. ಸಿಎಸ್‌ಎಂಟಿಯಿಂದ ಫಾಸ್ಟ್ ಲೋಕಲ್, ಬಾಗಿಲ ಹತ್ತಿರ ಒಂದು ಕಾಲಲ್ಲಿ ನಿಂತಿದ್ದೆ. ಠಾಣೆ ದಾಟುವಾಗ ಎಂಟು ಗಂಟೆ. ಆಗ ಫಾಸ್ಟ್ ಲೋಕಲ್‌ಗಳು ಪಾರ್ಸಿಕ್ ಸುರಂಗದಲ್ಲಿ ಹೋಗುತ್ತಿದ್ದವು. ಸುರಂಗಕ್ಕೆ ನುಗ್ಗಿದ್ದೇ ಸಿಗ್ನಲ್ ಹೋಯಿತು. ಹೊರಗೆ ಬಂದ ಮೇಲೂ ಆ್ಯಪ್ ಸುತ್ತುತ್ತಲೇ ಇತ್ತು. ದಿವಾ ದಾಟಿದ ಮೇಲೆ ತೆರೆದುಕೊಂಡಾಗ ದರ ₹110 ಕೆಳಗೆ. ₹4,000 ಹೋಗಬೇಕಾದಲ್ಲಿ ₹11,000 ಹೋಗಿತ್ತು. ಅಮೆರಿಕದ ವಾರದ ತೈಲ ದಾಸ್ತಾನಿನ ವರದಿ ಬಂದಿದ್ದು ಸರಿಯಾಗಿ ಆ ಎಂಟು ಗಂಟೆಗೆ.

ಕೊಳ್ಳುವ ಆರ್ಡರ್ ಆದ ಮರುಕ್ಷಣ ಸ್ಟಾಪ್‌ಲಾಸ್ ಆರ್ಡರ್ ಹಾಕಿ, ಆಮೇಲೆ ಚಹಾ ಕುಡಿಯಿರಿ. ಅದರಲ್ಲಿ ಎರಡು ದರ ಕೊಡಬೇಕಾಗುತ್ತದೆ. ಟ್ರಿಗರ್ ₹5,815 ಅಂದರೆ ಅಲ್ಲಿ ಆರ್ಡರ್ ಎದ್ದು ಕೂರುತ್ತದೆ. ಲಿಮಿಟ್ ಅಂದರೆ ಅದಕ್ಕಿಂತ ಕಮ್ಮಿಗೆ ಮಾರುವುದಿಲ್ಲ ಅಂತ. ಎರಡನ್ನೂ ಒಂದೇ ದರಕ್ಕೆ ಇಟ್ಟರೆ ವೇಗವಾಗಿ ಬೀಳುವಾಗ ದರ ಜಿಗಿದು ಕೆಳಗೆ ಹೋಗಿ ಆರ್ಡರ್ ಅಲ್ಲೇ ನೇತಾಡುತ್ತದೆ. ಲಿಮಿಟನ್ನು ಟ್ರಿಗರಿಗಿಂತ ಸ್ವಲ್ಪ ಕೆಳಗೆ ಇಡಿ. ಈ ಆರ್ಡರ್ ಸಾಮಾನ್ಯವಾಗಿ ಆ ದಿನಕ್ಕೆ ಮಾತ್ರ, ರಾತ್ರಿ ತಾನಾಗಿಯೇ ರದ್ದಾಗುತ್ತದೆ. ಮರುದಿನ 9ಕ್ಕೆ ಮತ್ತೆ ಹಾಕಬೇಕು. ಇದನ್ನು ಮರೆತು ಕೈಸುಟ್ಟುಕೊಂಡವರು ಬಹಳ.

ಸ್ಟಾಪ್ ಮೇಲಕ್ಕೆ ಸರಿಸಬಹುದು. ದರ ಏರಿ, ಸ್ವಲ್ಪ ಇಳಿದು, ಮತ್ತೆ ಎದ್ದರೆ ಆ ಹೊಸ ತಗ್ಗಿನ ಕೆಳಗೆ ತನ್ನಿ. ಕೆಳಕ್ಕೆ ಮಾತ್ರ ಸರಿಸಬೇಡಿ, ದೇವರಾಣೆ.

ಸ್ಟಾಪ್ ಇದ್ದರೂ ಕಾಪಾಡದ ಹೊತ್ತು ಒಂದಿದೆ. ನಮ್ಮ ಪೇಟೆ ಮುಚ್ಚಿದ ಮೇಲೂ ಅಮೆರಿಕದಲ್ಲಿ ವ್ಯವಹಾರ ನಡೆಯುತ್ತಿರುತ್ತದೆ. ಶನಿವಾರ ಎಲ್ಲೋ ಯುದ್ಧದ ಸುದ್ದಿ ಬಂದರೆ ಸೋಮವಾರ ದರ ತೆರೆಯುವುದೇ ನಿಮ್ಮ ಸ್ಟಾಪಿನ ಆಚೆ. ಶುಕ್ರವಾರ ರಾತ್ರಿಗೆ ನಾನು ಅರ್ಧಕ್ಕಿಂತ ಜಾಸ್ತಿ ಉಳಿಸಿಕೊಳ್ಳುವುದಿಲ್ಲ. ಒಂದೇ ಲಾಟ್ ಇದ್ದರೆ ಮುಗಿಸಿಬಿಡುತ್ತೇನೆ.

ಗಡಿಯಾರದಲ್ಲಿ ಗುರುತು ಹಾಕಿಕೊಳ್ಳಬೇಕಾದ್ದು ಇಷ್ಟು. ತೈಲದ ದಾಸ್ತಾನು ಬುಧವಾರ, ಗ್ಯಾಸಿನದ್ದು ಗುರುವಾರ. ಎರಡೂ ನಮ್ಮ ರಾತ್ರಿ 8ಕ್ಕೆ, ಅಮೆರಿಕದ ಚಳಿಗಾಲದಲ್ಲಿ 9ಕ್ಕೆ. ಅಲ್ಲಿ ರಜೆ ಬಂದ ವಾರ ದಿನ ಬದಲಾಗಬಹುದು. ಚಿನ್ನ ಬೆಳ್ಳಿಗೆ ಅಮೆರಿಕದ ಉದ್ಯೋಗದ ವರದಿ, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ. ಆ ಅರ್ಧ ಗಂಟೆ ಹೊಸದಾಗಿ ಒಳಗೆ ಹೋಗಬೇಡಿ. ಚಾರ್ಟಿನ ಗೆರೆಗಳಿಗೆ ಆ ಹೊತ್ತಿನಲ್ಲಿ ಬೆಲೆ ಇರುವುದಿಲ್ಲ.

ಎಕ್ಸ್‌ಪೈರಿಯ ಹತ್ತಿರ ಚಾರ್ಟ್ ಕುರುಡಾಗುತ್ತದೆ

2020ರ ಏಪ್ರಿಲ್ 20. ಕೊರೊನಾ ಲಾಕ್‌ಡೌನ್ ಕಾರಣಕ್ಕೆ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಅವತ್ತು ಏಪ್ರಿಲ್ ಕ್ರೂಡ್ ಒಪ್ಪಂದದ ಕೊನೆಯ ದಿನ. ಪೇಟೆ ಮುಚ್ಚುವಾಗ ಬ್ಯಾರೆಲ್‌ಗೆ ₹1,000ದ ಹತ್ತಿರ ಇತ್ತು. ಇಷ್ಟು ಅಗ್ಗ ಆದಮೇಲೆ ಇನ್ನೆಷ್ಟು ಇಳಿದೀತು ಅಂತ ಕೊಂಡವರಿದ್ದರು. ಆ ರಾತ್ರಿ ಅಮೆರಿಕದಲ್ಲಿ ತೈಲ ಇಡುವುದಕ್ಕೆ ಜಾಗ ಸಾಲದೆ ದರ ಸೊನ್ನೆಗಿಂತ ಕೆಳಗೆ ಹೋಯಿತು. ಮೈನಸ್ 37.63 ಡಾಲರ್. ಇಲ್ಲಿಯ ಕ್ರೂಡ್‌ನಲ್ಲಿ ತೈಲ ಕೈಗೆ ಬರುವುದಿಲ್ಲ, ಅಮೆರಿಕದ ದರ ನೋಡಿ ದುಡ್ಡಿನಲ್ಲೇ ಚುಕ್ತಾ. ಎಂಸಿಎಕ್ಸ್ ಆ ಒಪ್ಪಂದವನ್ನು ಮೈನಸ್ ₹2,884ಕ್ಕೆ ಚುಕ್ತಾ ಮಾಡಿತು. ಒಂದು ದೊಡ್ಡ ಲಾಟ್ ಕೊಂಡವರಿಗೆ ₹3.8 ಲಕ್ಷದ ಆಸುಪಾಸಿನ ಪೆಟ್ಟು. ಖಾತೆಯಲ್ಲಿ ಇದ್ದ ದುಡ್ಡೆಲ್ಲ ಹೋಗಿ ಮೇಲೆ ಸಾಲ. ಯಾವ ಸಪೋರ್ಟ್ ಗೆರೆಯೂ ಅದನ್ನು ತೋರಿಸುತ್ತಿರಲಿಲ್ಲ. ಪೇಟೆ ಮುಚ್ಚಿದ್ದರಿಂದ ಸ್ಟಾಪಿಗೂ ಕೆಲಸ ಇರಲಿಲ್ಲ.

ಹಾಗಾಗಿ ಕ್ರೂಡ್, ಗ್ಯಾಸ್ ಕೊನೆಯ ಎರಡು ಮೂರು ದಿನ ಇಟ್ಟುಕೊಳ್ಳಬೇಡಿ. ಚಿನ್ನ, ಬೆಳ್ಳಿ, ತಾಮ್ರ ಇನ್ನೊಂದು ಥರ. ಅಲ್ಲಿ ಕೊನೆಗೆ ಸರಕೇ ಕೊಡಬೇಕು, ತೆಗೆದುಕೊಳ್ಳಬೇಕು. ಅದಕ್ಕೆ ಕೆಲವು ದಿನ ಮೊದಲೇ ಡೆಲಿವರಿಯ ಅವಧಿ ಶುರುವಾಗಿ ಮಾರ್ಜಿನ್ ಏರುತ್ತದೆ. ಬ್ರೋಕರ್ ಕಳಿಸುವ ಮೆಸೇಜ್ ಓದಿ. ಓದದಿದ್ದರೆ ಅವರೇ ನಿಮ್ಮ ಪೊಸಿಷನ್ (ಇನ್ನೂ ಮುಗಿಸದ ಒಪ್ಪಂದ) ಕತ್ತರಿಸುತ್ತಾರೆ, ಅದೂ ಸಿಕ್ಕ ದರಕ್ಕೆ.

ಕೃಷಿ ಸರಕಿನ ಬಗ್ಗೆ ಒಂದೇ ಮಾತು. 2021ರ ಡಿಸೆಂಬರ್‌ನಲ್ಲಿ ಗೋಧಿ, ಕಡಲೆ, ಸೋಯಾಬೀನ್, ಸಾಸಿವೆ ಸೇರಿ ಏಳು ಸರಕಿನ ವಾಯಿದೆಯನ್ನು ಸೆಬಿ ನಿಲ್ಲಿಸಿತು. ಮೊದಲು ಒಂದು ವರ್ಷ ಅಂದರು, ಆಮೇಲೆ ಅದನ್ನೂ ಬೆಳೆಸಿದರು. ಚಾರ್ಟ್ ಕಲಿಯುವವರು ಲೋಹದಲ್ಲೋ ತೈಲದಲ್ಲೋ ಕಲಿಯಿರಿ.

ಮೊದಲ ಮೂರು ತಿಂಗಳು

ದುಡ್ಡು ಹಾಕದೆ ವಹಿಯಲ್ಲಿ ಬರೆಯಿರಿ. ಒಂದೇ ಸರಕು ಹಿಡಿಯಿರಿ, ಚಿನ್ನವೋ ಕ್ರೂಡೋ. ಯಾವ ದರಕ್ಕೆ ಒಳಗೆ, ಸ್ಟಾಪ್ ಎಲ್ಲಿ, ಯಾಕೆ ಅಲ್ಲಿ, ಎಷ್ಟು ಲಾಟ್, ಮೇಲಿನ ಗೆರೆ ಎಲ್ಲಿ. ಒಳಗೆ ಹೋಗುವ ಮೊದಲೇ ಬರೆದಿರಬೇಕು. ಆಮೇಲೆ ಬರೆದರೆ ಎಲ್ಲರೂ ಜಾಣರೇ. ಚಾರ್ಟಿನ ಸ್ಕ್ರೀನ್‌ಶಾಟ್ ತೆಗೆದು ತಾರೀಖು ಹಾಕಿಡಿ. ಬ್ರೋಕರೇಜ್, 2013ರಿಂದ ಇರುವ ಕಮಾಡಿಟಿ ಟ್ರಾನ್ಸಾಕ್ಷನ್ ಟ್ಯಾಕ್ಸ್, ಜಿಎಸ್‌ಟಿ ಎಲ್ಲ ಕಳೆದು ಲೆಕ್ಕ ಹಾಕಿ. ಚಿಕ್ಕ ಲಾಟುಗಳಲ್ಲಿ ಈ ಖರ್ಚು ಲಾಭವನ್ನು ಇಲಿಯ ಹಾಗೆ ಕಡಿಯುತ್ತದೆ. ನಿಜವಾದ ವ್ಯವಹಾರ ಶುರು ಮಾಡಿದ ಮೇಲೆ ಇದು ತೆರಿಗೆಯಲ್ಲಿ ವ್ಯಾಪಾರದ ಆದಾಯ. ಸಂಬಳದವರು ಹಾಕುವ ಸರಳ ರಿಟರ್ನ್ ನಡೆಯುವುದಿಲ್ಲ. ನಷ್ಟವಾದರೂ ರಿಟರ್ನ್ ಸಮಯಕ್ಕೆ ಹಾಕಿದರೆ ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಬಹುದು. ಒಬ್ಬ ಸಿಎಯನ್ನು ಕೇಳಿ.

ಟೆಲಿಗ್ರಾಮಿನಲ್ಲಿ ಟಿಪ್ ಕೊಡುವವರು ಸ್ಟಾಪ್ ಹೇಳಿದರೂ ಅದು ಯಾಕೆ ಅಲ್ಲಿ ಅಂತ ಹೇಳುವುದಿಲ್ಲ. ಎಷ್ಟು ಲಾಟ್ ಅಂತಂತೂ ಹೇಳುವುದಕ್ಕೆ ಅವರಿಗೆ ಸಾಧ್ಯವೇ ಇಲ್ಲ, ನಿಮ್ಮ ಜೇಬು ಅವರಿಗೆ ಗೊತ್ತಿಲ್ಲವಲ್ಲ. ಸೆಬಿಯಲ್ಲಿ ನೋಂದಣಿ ಇದೆಯಾ ಅಂತ ಕೇಳಿ ನೋಡಿ. ತುಂಬ ಜನ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ.

ನಾನು ಗೆರೆ ಎಳೆಯುವುದು ಶನಿವಾರ ಬೆಳಿಗ್ಗೆ. ಪೇಟೆ ಮುಚ್ಚಿರುತ್ತದೆ, ಕೈ ತುರಿಸುವುದಿಲ್ಲ. ಕಳೆದ ವಾರ ಭಾವನೂ ತಮ್ಮ ವಹಿ ತಂದಿದ್ದರು. ಹಾಲಿನ ಲೆಕ್ಕದ ಹಳೆಯ ಪುಸ್ತಕ, ಹಿಂದಿನ ಪುಟಗಳಲ್ಲಿ ಚಿನ್ನ. ಒಟ್ಟು ಹದಿಮೂರು ವ್ಯವಹಾರ, ಎಂಟರಲ್ಲಿ ಸ್ಟಾಪ್ ಹೊಡೆದಿದೆ, ಐದರಲ್ಲಿ ಲಾಭ, ಎಲ್ಲ ಸೇರಿ ಐದು ಪೆಟಲ್ ಲೆಕ್ಕದಲ್ಲಿ ₹2,100 ಉಳಿದಿದೆ. ದುಡ್ಡು ಹಾಕದ ಲೆಕ್ಕ. ಹದಿನಾಲ್ಕನೆಯದರ ಎದುರು ಸ್ಟಾಪಿನ ಜಾಗ ಖಾಲಿ ಇತ್ತು. "ಅದು ಎಲ್ಲಿ ಇಡೂದು ಅಂತ್ಲೇ ಗೊತ್ತಾಗ್ಲಿಲ್ಲ ಮಾರಾಯ," ಅಂದರು, "ಹಾಗಾಗಿ ತಗೊಳ್ಲಿಲ್ಲ."